ಸತ್ಯಾಂಶ: ಬ್ರೂಸ್ ಲೀ ಕಿಕ್‌ಬಾಕ್ಸಿಂಗ್ ಚಾಂಪಿಯನ್ ಆಗಿದ್ದರೇ?

ಬಳ್ಳಾರಿಯಲ್ಲಿ ಮಕ್ಕಳನ್ನು ಕರಾಟೆ ತರಗತಿಗೆ ಕಳುಹಿಸುವ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ: ‘ಬ್ರೂಸ್ ಲೀ ಸೋಲರಿಯದ ವಿಶ್ವ ಕಿಕ್‌ಬಾಕ್ಸಿಂಗ್ ಚಾಂಪಿಯನ್, ಪದಕ ನೋಡಿಯೇ ಸಿನಿಮಾದವರು ಕರೆದರು.’

ಕ್ರಮವೇ ತಲೆಕೆಳಗಾಗಿದೆ. ಲೀ ಕೈಗೂಸಾಗಿದ್ದಾಗಲೇ ತೆರೆಯ ಮೇಲೆ ಬಂದವರು. ಹಾಂಗ್‌ಕಾಂಗ್‌ನಲ್ಲಿ ಬಾಲನಟರಾಗಿ ಬೆಳೆದರು. ಅವರು ಗೆದ್ದದ್ದು 1958ರ ಅಂತರಶಾಲಾ ಬಾಕ್ಸಿಂಗ್ ಪಂದ್ಯವನ್ನು. ಅಮೆರಿಕದ ವೃತ್ತಿಪರ ಕಿಕ್‌ಬಾಕ್ಸಿಂಗ್ ವಿಶ್ವ ಪ್ರಶಸ್ತಿ ಆರಂಭವಾದದ್ದೇ 1974ರಲ್ಲಿ. ಲೀ ತೀರಿಕೊಂಡದ್ದು 1973ರ ಜುಲೈನಲ್ಲಿ. ಇದರಿಂದ ಅವರ ಕಲೆಗಾರಿಕೆ ಕಿಂಚಿತ್ತೂ ಕಡಿಮೆಯಾಗುವುದಿಲ್ಲ, ಬಿಡಿ.

ರಿಂಗ್‌ನಿಂದ ನಿಜವಾಗಿ ಸಿನಿಮಾಗೆ ಬಂದವರು ಬೇರೆಯೇ ಇದ್ದಾರೆ. 1974ರಲ್ಲಿ ಪ್ರಶಸ್ತಿ ಗೆದ್ದ ಬಿಲ್ ವಾಲೇಸ್ ಅವರ ಬಲ ಮೊಣಕಾಲಿಗೆ ಜೂಡೋದಲ್ಲಿ ಪೆಟ್ಟಾಗಿತ್ತು, ಒದೆತವೆಲ್ಲ ಎಡಗಾಲಿನದೇ. ಆದರೂ ಅಜೇಯರಾಗಿಯೇ ನಿವೃತ್ತರಾದರು; 1979ರ ಚಿತ್ರವೊಂದರಲ್ಲಿ ನಟ ಚಕ್ ನಾರಿಸ್ ಎದುರು ಖಳನಾಗಿದ್ದರು. ಬೆನ್ನಿ ಅರ್ಕಿಡೆಸ್ 1984ರ ಚಿತ್ರವೊಂದರಲ್ಲಿ ಜಾಕಿ ಚಾನ್ ಜತೆ ಮಾಡಿದ ಹೊಡೆದಾಟದಲ್ಲಿ ಅರ್ಕಿಡೆಸ್ ಒದೆತದ ಗಾಳಿಗೇ ಸಾಲು ಮೇಣದಬತ್ತಿ ಆರುತ್ತದೆ. ನನ್ನ ಮಟ್ಟಿಗೆ ಅದನ್ನು ಮೀರಿಸುವ ದೃಶ್ಯ ಅಪರೂಪ. ಡಾನ್ ವಿಲ್ಸನ್ 1989ರಲ್ಲಿ ನಾಯಕನಟರಾದರು.

ಚಾಂಪಿಯನ್ನರಿಗೆ ಸಿನಿಮಾ ಹೊಡೆದಾಟದ ತರಬೇತಿಯೇ ಬೇಡ ಎಂಬ ಸಂದೇಶದ ಕೊನೆಯ ಸಾಲೂ ತಪ್ಪು. ರಿಂಗ್‌ನಲ್ಲಿ ಒದೆತವನ್ನು ಎದುರಾಳಿಯಿಂದ ಅಡಗಿಸಬೇಕು. ಕ್ಯಾಮೆರಾಗೆ ಅದನ್ನು ಬಿಡಿಸಿ ತೋರಿಸಬೇಕು, ಸಾಮಾನ್ಯವಾಗಿ ಮುಖಕ್ಕೆ ತಾಗುವ ಮೊದಲೇ ತಡೆಯಬೇಕು. ವರ್ಷಗಟ್ಟಲೆ ಪೂರ್ಣ ಬಲದಿಂದ ಒದ್ದ ಕಾಲಿಗೆ ಈ ತಡೆಯೇ ಕಠಿಣ.