ಒಂದು ದಿನ, ಮೂರು ಊರು, ನಲವತ್ತು ತಲೆ

ಸ್ಪೇನಿನಲ್ಲಿ ಬೆಳಿಗ್ಗೆ ತೊಲೆಡೊ, ಮಧ್ಯಾಹ್ನ ಸೆಗೋವಿಯಾ, ರಾತ್ರಿ ಊಟಕ್ಕೆ ಮ್ಯಾಡ್ರಿಡ್. ಸಾಲದ್ದಕ್ಕೆ ಈಗ ವಿದ್ಯಾರ್ಥಿಗಳ ಪ್ರವಾಸದ ಪಟ್ಟಿಗೆ ಆವಿಲಾ ಊರನ್ನೂ ತುರುಕಿದ್ದಾರೆ! ಇದೇನು ಪ್ರವಾಸವೋ, ಅಂಚೆ ಬಟವಾಡೆಯೋ?

ತೊಲೆಡೊ ಮ್ಯಾಡ್ರಿಡ್‌ನ ದಕ್ಷಿಣಕ್ಕೆ ಸುಮಾರು 70 ಕಿ.ಮೀ., ಸೆಗೋವಿಯಾ ವಾಯವ್ಯಕ್ಕೆ 90. ನಡುವೆ ರಾಜಧಾನಿಯ ಟ್ರಾಫಿಕ್ಕು. ತೊಲೆಡೊದಲ್ಲಿ ಬಸ್ಸು ಗುಡ್ಡದ ಬುಡದಲ್ಲೇ ಇಳಿಸುತ್ತೆ. ಮೇಲಕ್ಕೆ ಎಸ್ಕಲೇಟರ್ ಇದೆ ನಿಜ, ಆದರೆ ಅಷ್ಟರಲ್ಲಿ ಇಬ್ಬರಿಗೆ ಶೌಚಾಲಯ, ನಾಲ್ವರಿಗೆ ಸೆಲ್ಫಿ, ಒಬ್ಬ ಪುಣ್ಯಾತ್ಮನ ವಿದ್ಯಾರ್ಥಿ ಕಾರ್ಡು ಬಸ್ಸಲ್ಲೇ. ಎಷ್ಟು ಸಲ ಎಣಿಸಿದರೂ ಮೂವತ್ತೊಂಬತ್ತು! ರಬ್ಬರ್ ಚಪ್ಪಲಿ ಹಾಕಿಕೊಂಡವರು ನುಣುಪು ಕಲ್ಲುಹಾಸಿನ ಇಳಿಜಾರಲ್ಲಿ ಗೋಡೆ ಹಿಡಿದು ಬರಬೇಕು.

ಅಲ್ಲಿನ ಸಾಂತೊ ತೊಮೆ ಚರ್ಚಿನಲ್ಲಿ ಹೆಸರಾಂತ ಚಿತ್ರಕಾರ ಎಲ್ ಗ್ರೆಕೊ ಬಿಡಿಸಿದ, ಆಳೆತ್ತರಕ್ಕೆ ಎರಡು ಪಟ್ಟಿಗೂ ಮಿಕ್ಕಿದ ಚಿತ್ರ. ಅದಕ್ಕೆ ಸಿಕ್ಕಿದ್ದು ಮೂರು ನಿಮಿಷ. ಮಾರ್ಜಿಪಾನ್ ಅನ್ನೋ ಬಾದಾಮಿ ಸಿಹಿಯ ಅಂಗಡಿಗೆ ಮಾತ್ರ ಮುಕ್ಕಾಲು ಗಂಟೆ!

ಸೆಗೋವಿಯಾ ತಲುಪೋದು ಎರಡಕ್ಕೆ, ಸಣ್ಣ ಅಂಗಡಿಗಳು ಐದರ ತನಕ ಬಾಗಿಲು ಎಳೆದುಕೊಳ್ಳೋ ಹೊತ್ತಿಗೆ. ಗಾರೆಯಿಲ್ಲದೆ ನಿಂತ, 28 ಮೀಟರ್ ಎತ್ತರದ ರೋಮನ್ ಮೇಲ್ಗಾಲುವೆಯ ಕೆಳಗೆ ಮೊದಲ ಪ್ರಶ್ನೆ: "ಇಲ್ಲಿ ವೈಫೈ ಇದೆಯಾ?"

ಆವಿಲಾದ ಕೋಟೆಗೋಡೆ? ಬಸ್ಸಿನ ಕಿಟಕಿಯಿಂದ. ಎಡಗಡೆ ಕೂತವರಿಗೆ ಅದೂ ಇಲ್ಲ.