ನಮ್ಮ ಕಾವಲು ಬರಡಂತೆ!

ನಿನ್ನೆ ಕಡೂರಿಂದ ಊರಿಗೆ ಹೋಗ್ತಾ ಕಾವಲು, ಅಂದ್ರೆ ದನ ಮೇಯೋ ಹುಲ್ಲು ಬಯಲು, ಅದರ ಹತ್ರ ಬೈಕ್ ನಿಲ್ಲಿಸ್ದೆ. ಜೆಸಿಬಿ ಸಾಲಾಗಿ ಗುಂಡಿ ತೋಡ್ತಿತ್ತು, ಪಕ್ಕದಲ್ಲಿ ಶಾಮಿಯಾನ, ಬ್ಯಾನರಲ್ಲಿ 'ಬರಡು ಭೂಮಿಗೆ ಹಸಿರು ಹೊದಿಕೆ'. ಬರಡಂತೆ! ನಾಲ್ಕು ಮಳೆ ಬಿದ್ದು ಹುಲ್ಲು ಈಗಷ್ಟೇ ಚಿಗುರಿತ್ತು ಕಣ್ರೀ, ಅದನ್ನೇ ಕಿತ್ತು ಸಸಿ ಇಟ್ಟು ಫೋಟೋ ತೆಗೆಸ್ಕೊಳ್ತಿದ್ರು.

ಕಾವಲು ಅಂದ್ರೆ ಖಾಲಿ ಜಾಗ ಅಲ್ಲ, ಕಾಯ್ಕೊಂಡು ಬಂದಿದ್ದಕ್ಕೇ ಆ ಹೆಸರು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆ ದನ ಸಾಕೋಕೆ ಇದ್ದ ಬೆಣ್ಣೆ ಚಾವಡಿ ಟಿಪ್ಪು ಕಾಲಕ್ಕೆ ಅಮೃತ ಮಹಲ್ ಆಯ್ತು, ಟಿಪ್ಪು ಸೈನ್ಯದ ಫಿರಂಗಿ ಎಳೆದಿದ್ದು ಇಂಥಾ ಕಾವಲುಗಳಲ್ಲಿ ಮೇಯ್ದ ಎತ್ತುಗಳೇ. ಬೇಸಿಗೆಗೊಂದು ಕಾವಲು, ಮಳೆಗಾಲಕ್ಕೊಂದು ಅಂತ ದನ ಹೊಡ್ಕೊಂಡು ಹೋಗೋರು, ಇಲ್ಲಿ ಮೇಯೋ ಹೊತ್ಗೆ ಅಲ್ಲಿ ಹುಲ್ಲು ಎದ್ದಿರ್ತಿತ್ತು. ಇಷ್ಟು ಲೆಕ್ಕಾಚಾರದ ಜಾಗ ಇವ್ರ ಕಣ್ಣಿಗೆ ಬರಡು!

'ಮರ ನೆಡೋದೂ ತಪ್ಪಾ, ಆಕ್ಸಿಜನ್ ಬೇಡ್ವಾ' ಅಂತ ಕಾಮೆಂಟ್ ಹಾಕೋರು ಈಗ್ಲೇ ಬರ್ತೀರ, ಗೊತ್ತು. ನೆಡ್ರಪ್ಪ, ರಸ್ತೆ ಅಗಲ ಮಾಡೋಕೆ ಸಾಲುಮರ ಕಡಿದ್ರಲ್ಲ, ಅಲ್ಲಿ ನೆಡಿ. ಕೃಷ್ಣಮೃಗಕ್ಕೆ ಬಯಲೇ ಬೇಕು, ತೋಳ ದೂರದಲ್ಲೇ ಕಂಡ್ರೆ ತಾನೇ ಓಡಿ ಬದುಕೋದು? ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಹಾರ್ಕೊಂಡ್ ಬರೋ ಹ್ಯಾರಿಯರ್ ಅನ್ನೋ ಗಿಡುಗ ರಾತ್ರಿ ಮಲಗೋದು ಮರದ ಮೇಲಲ್ಲ, ಹುಲ್ಲಿನ ಮಧ್ಯ ನೆಲದಲ್ಲಿ. ಕಾರ್ಬನ್ ಅಂತೀರಾ, ಹುಲ್ಲು ಅದನ್ನ ಬೇರಲ್ಲಿ, ಮಣ್ಣೊಳಗೆ ಇಟ್ಕೊಂಡಿರುತ್ತೆ, ಮೇಲೆ ಬೆಂಕಿ ಬಿದ್ರೂ ಅದು ಅಲ್ಲೇ ಇರುತ್ತೆ. ರಾಣೆಬೆನ್ನೂರಿಗೆ ಹೋಗಿ ನೋಡಿ, ಕೃಷ್ಣಮೃಗಕ್ಕೇಂತ ಇರೋ ಅಭಯಾರಣ್ಯದೊಳಗೇ ಎಕರೆಗಟ್ಟಲೆ ನೀಲಗಿರಿ! ಚಳ್ಳಕೆರೆ ಕಡೆ ಸಾವಿರಾರು ಎಕರೆ ಕಾವಲು ರಕ್ಷಣಾ, ವಿಜ್ಞಾನ ಸಂಸ್ಥೆಗಳ ಕಾಂಪೌಂಡ್ ಒಳಗೆ ಸೇರ್ಕೊಂಡು ಕುರಿಯೋರು ಹೊರಗುಳಿದ್ರು. ಅದನ್ನ ಶುರು ಮಾಡಿದ್ರೆ ಬಿಪಿ ಏರುತ್ತೆ, ಬಿಡಿ.

ಸುಮ್ನೆ ಬೇರೆಯವ್ರನ್ನ ಬೈಯ್ಯೋಕೂ ನಂಗೆ ಮುಖ ಇಲ್ಲ. ಕಾಲೇಜಲ್ಲಿ ಎನ್‌ಎಸ್‌ಎಸ್ ಕ್ಯಾಂಪ್ ಅಂತ ಇದೇ ಕಾವಲಲ್ಲಿ ಅಕೇಶಿಯಾ ನೆಟ್ಟು ಸರ್ಟಿಫಿಕೇಟ್ ತಗೊಂಡೋನು ನಾನೇ. ಅವತ್ತು ದನ ಕಾಯೋ ಅಜ್ಜ ಒಬ್ರು 'ಇದ್ರ ಸೊಪ್ಪು ದನ ತಿಂತಾವೇನಪ್ಪಾ' ಅಂತ ಕೇಳಿದ್ರು, ನಾವೆಲ್ಲ ಕಿಸಕ್ಕಂತ ನಕ್ಕಿದ್ವಿ. ತಿನ್ನಲ್ಲ ಅಂತ ಆಮೇಲೆ ಗೊತ್ತಾಯ್ತು. ಆ ಮರಗಳ ಬುಡದಲ್ಲಿ ಇವತ್ತಿಗೂ ಒಂದೆಳೆ ಹುಲ್ಲಿಲ್ಲ.

ನಿನ್ನೆ ಜಗಳ ಆಡೋಣ ಅಂತಲೇ ಶಾಮಿಯಾನ ಹತ್ರ ಹೋದೆ. ಯಾರೋ ಹುಡುಗ ನಗ್ತಾ 'ಬನ್ನಿ ಸಾರ್, ನೀವೂ ಒಂದು ನೆಡಿ' ಅಂತ ಹೊಂಗೆ ಸಸಿ ಕೈಗಿಟ್ಟ. ಬಾಯೇ ಬರ್ಲಿಲ್ಲ. ತಂದು ನಮ್ಮ ಹಿತ್ತಲಲ್ಲಿ ನೆಟ್ಟಿದೀನಿ.