ಕೂಲಿಂಗ್ ಗ್ಲಾಸ್ ಇರುವುದು ನೆತ್ತಿಗಲ್ಲ

ಬೆಳಗ್ಗೆಯಿಂದ ಒಂದು ಆಲ್ಬಮ್ ನೋಡಿ ತಲೆ ಕೆಟ್ಟುಹೋಗಿದೆ. ಪರಿಚಯದವರೊಬ್ಬರು ಸಂಸಾರ ಸಮೇತ ಹಿಮ ನೋಡಲು ಹೋಗಿದ್ದಾರೆ. ದಪ್ಪ ಜಾಕೆಟ್, ಗ್ಲೌಸ್, ಬೂಟು, ಕಿವಿ ಮುಚ್ಚುವ ಟೋಪಿ, ಎಲ್ಲ ಸಿದ್ಧತೆಯೂ ಇದೆ. ಕೂಲಿಂಗ್ ಗ್ಲಾಸ್? ಅದೂ ಇದೆ, ನೆತ್ತಿಯ ಮೇಲೆ! ಒಂದು ಫೋಟೋದಲ್ಲಾದರೂ ಕೆಳಗೆ ಇಳಿದಿರಬಹುದು ಅಂತ ಕೊನೇವರೆಗೂ ನೋಡಿದೆ. ಊಹೂಂ. ಪಕ್ಕದಲ್ಲಿರುವ ಪುಟ್ಟ ಮಗುವಿಗೆ ಅದೂ ಇಲ್ಲ. ಪಾಪ, ಕಣ್ಣು ಬಿಡಲಾಗದೆ ಮುಖ ಹಿಂಡಿಕೊಂಡು ನಿಂತಿದೆ. ಕೆಳಗೆ ‘ಸೋ ಕ್ಯೂಟ್’ ಅಂತ ಕಾಮೆಂಟುಗಳ ಸುರಿಮಳೆ. ಕ್ಯೂಟ್ ಅಲ್ಲ ಮಾರಾಯ್ರೇ, ಅದಕ್ಕೆ ಬೆಳಕು ತಡೆಯಲಾಗುತ್ತಿಲ್ಲ.

ಕಣ್ಣಿನ ವಿಷಯಕ್ಕೆ ನಾನು ಸ್ವಲ್ಪ ಜಾಸ್ತಿಯೇ ಕೂಗಾಡುತ್ತೇನೆ ಅಂತ ನಿಮಗೆಲ್ಲ ಗೊತ್ತು. ಕನ್ನಡಕ ತೆಗೆದರೆ ಎದುರಿಗಿರುವವರು ಯಾರು ಅಂತ ಧ್ವನಿಯಿಂದ ಕಂಡುಹಿಡಿಯುವ ಮನುಷ್ಯ ನಾನು. ಚೆನ್ನಾಗಿರುವ ಕಣ್ಣನ್ನು ಯಾರಾದರೂ ಸುಮ್ನೆ ಹಾಳು ಮಾಡಿಕೊಂಡರೆ ಹೊಟ್ಟೆ ಉರಿಯುತ್ತದೆ. ಅಸೂಯೆ ಅಂತಲೇ ಇಟ್ಟುಕೊಳ್ಳಿ.

ಹಿಮ ಅಂದ ಕೂಡಲೇ ಎಲ್ಲರಿಗೂ ಚಳಿಯದ್ದೇ ಚಿಂತೆ. ತಣ್ಣನೆ ಗಾಳಿಗೆ ಕಣ್ಣು ಒಣಗುತ್ತದೆ, ನೀರು ಸುರಿಯುತ್ತದೆ, ಸರಿ. ಆದರೆ ನಿಜವಾದ ಪೆಟ್ಟು ಕೊಡುವುದು ಬೆಳಕು. ಬಿಸಿಲಿನಲ್ಲಿ ಕಣ್ಣಿಗೆ ಕಾಣದ, ಆದರೆ ಸುಡುವ ಅಲ್ಟ್ರಾವಯಲೆಟ್ (ಯುವಿ) ಕಿರಣಗಳಿವೆ. ಹುಲ್ಲಿನ ಮೇಲೆ ಬಿದ್ದ ಈ ಕಿರಣಗಳಲ್ಲಿ ನೂರಕ್ಕೆ 10 ಪಾಲು ಕೂಡ ವಾಪಸ್ ಬರುವುದಿಲ್ಲ. ಹೊಸದಾಗಿ ಬಿದ್ದ ಹಿಮ 80 ಪಾಲಿನವರೆಗೂ ವಾಪಸ್ ಎಸೆಯುತ್ತದೆ. ಸಾಲದ್ದಕ್ಕೆ, ಪ್ರತಿ 1000 ಮೀಟರ್ ಮೇಲೆ ಹೋದ ಹಾಗೆ ಈ ಕಿರಣಗಳು ಸುಮಾರು ನೂರಕ್ಕೆ 10ರಷ್ಟು ಹೆಚ್ಚುತ್ತವೆ. ಹುಬ್ಬು, ರೆಪ್ಪೆ, ಟೋಪಿಯ ಅಂಚು ಎಲ್ಲ ಮೇಲಿನ ಬಿಸಿಲನ್ನು ತಡೆಯುತ್ತವೆ. ಇಲ್ಲಿ ಬಿಸಿಲು ಕಾಲಡಿಯಿಂದ ಬರುತ್ತದೆ. ಟೋಪಿ ಏನು ಮಾಡೀತು? ನೆತ್ತಿಯ ಮೇಲಿನ ಗ್ಲಾಸ್ ತಾನೇ ಏನು ಮಾಡೀತು?

ಮೋಡ ಇದ್ದರೆ ಪರವಾಗಿಲ್ಲ ಅನ್ನುವವರಿದ್ದಾರೆ. ತೆಳು ಮೋಡಕ್ಕೆ ಈ ಕಿರಣಗಳು ಕ್ಯಾರೇ ಅನ್ನುವುದಿಲ್ಲ. ಬಹುಪಾಲು ಹಾಗೇ ದಾಟಿ ಬರುತ್ತವೆ.

ಇನ್ನೊಂದು ಮೋಸ ನೋಡಿ. ಸುಡುವ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ ಇದೆಯಲ್ಲ, ಕಾರ್ನಿಯಾ, ಅದರ ಮೇಲ್ಪದರ ಮಧ್ಯಾಹ್ನವೇ ಸುಟ್ಟಿರುತ್ತದೆ. ನೋವು ಶುರುವಾಗುವುದು ಸಾಮಾನ್ಯವಾಗಿ 6ರಿಂದ 12 ಗಂಟೆ ಕಳೆದ ಮೇಲೆ, ಹಾಸಿಗೆಗೆ ಹೋದಾಗ. ಕಣ್ಣಿಗೆ ಮರಳು ಎರಚಿದ ಹಾಗೆ. ನೀರು ಧಾರಾಕಾರ, ರೆಪ್ಪೆ ತೆರೆಯಲಾಗದು, ಮೊಬೈಲಿನ ಬೆಳಕೂ ಚುಚ್ಚುತ್ತದೆ. ಇದೇ ಹಿಮಗುರುಡು. ಬರಿಗಣ್ಣಲ್ಲಿ ವೆಲ್ಡಿಂಗ್ ನೋಡಿದವರಿಗೆ ಆಗುವುದೂ ಇದೇ.

1924ರ ಜೂನ್ 4ರಂದು ಬ್ರಿಟಿಷ್ ಪರ್ವತಾರೋಹಿ ಎಡ್ವರ್ಡ್ ನಾರ್ಟನ್ ಎವರೆಸ್ಟ್‌ನಲ್ಲಿ ಆಕ್ಸಿಜನ್ ಸಿಲಿಂಡರ್ ಇಲ್ಲದೆ ಸುಮಾರು 8570 ಮೀಟರ್ ಏರಿದರು. ದಾರಿಯಲ್ಲಿ ಹಿಮಕ್ಕಿಂತ ಬಂಡೆಯೇ ಜಾಸ್ತಿ, ಕಾಲಿಡುವ ಜಾಗ ಕಾಣಲಿ ಅಂತ ಗಾಗಲ್ಸ್ ತೆಗೆದುಬಿಟ್ಟಿದ್ದರು. ಮೇಲೆ ಹೋಗುತ್ತಾ ಒಂದು ವಸ್ತು ಎರಡಾಗಿ ಕಾಣತೊಡಗಿತು. ಆ ರಾತ್ರಿ ದೃಷ್ಟಿ ಹೋಯಿತು, ಸುಮಾರು 60 ಗಂಟೆ ಏನೂ ಕಾಣಲಿಲ್ಲ. ಎರಡು ದಿನದ ನಂತರ ಅದೇ ತಂಡದ ಮ್ಯಾಲರಿ ಮತ್ತು ಇರ್ವಿನ್ ಕೊನೆಯ ಸಲ ಮೇಲಕ್ಕೆ ಹೊರಟಾಗ ನಾರ್ಟನ್ ಆ ಇಬ್ಬರನ್ನು ಬೀಳ್ಕೊಟ್ಟದ್ದು ಕಾಣದ ಕಣ್ಣಲ್ಲೇ. ಅವರಿಬ್ಬರೂ ವಾಪಸ್ ಬರಲೇ ಇಲ್ಲ. ನಾರ್ಟನ್ ಗಾಗಲ್ಸ್ ತೆಗೆದದ್ದಕ್ಕೆ ಒಂದು ಕಾರಣವಾದರೂ ಇತ್ತು. ನಮ್ಮವರದ್ದೇನು? ಫೋಟೋದಲ್ಲಿ ಕಣ್ಣು ಕಾಣಬೇಕಂತೆ!

‘ಹಿಮದಲ್ಲೇ ಹುಟ್ಟಿ ಬೆಳೆದವರು ಇದನ್ನೆಲ್ಲ ಹಾಕ್ತಾರಾ?’ ಅಂತ ಒಬ್ಬ ಮಹಾಶಯರು ನನ್ನನ್ನೇ ಕೇಳಿದರು. ಹಾಕ್ತಾರೆ ಸ್ವಾಮಿ. ಆರ್ಕ್ಟಿಕ್‌ನ ಇನ್ಯೂಟ್ ಜನ ಗಾಜಿನ ಕನ್ನಡಕ ಬರುವ ಎಷ್ಟೋ ಮೊದಲೇ ಮರ, ಮೂಳೆ, ದಂತ, ಕೊಂಬು ಕೆತ್ತಿ ಕಣ್ಣಿಗೆ ಕಟ್ಟಿಕೊಳ್ಳುತ್ತಿದ್ದರು. ನೋಡಲು ಅಡ್ಡಕ್ಕೆ ಒಂದು ಸಣ್ಣ ಸೀಳು, ಅಷ್ಟೇ. ಗಾಜಿಲ್ಲ, ಮಂಜು ಕಟ್ಟುವ ರಗಳೆಯೂ ಇಲ್ಲ. ಅದನ್ನು ಅವರು ನೆತ್ತಿಗೆ ಕಟ್ಟುತ್ತಿರಲಿಲ್ಲ ಅಂತ ಬಿಡಿಸಿ ಹೇಳಬೇಕಾ?

ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ ಅನ್ನುವುದು ಇನ್ನೊಂದು ವಾದ. ಸಾಮಾನ್ಯವಾಗಿ ಆಗುತ್ತದೆ, ಒಪ್ಪಿದೆ. ಬೆಟ್ಟದ ಮೇಲೆ ಆ ಎರಡು ದಿನ ನಿಮ್ಮನ್ನು ಯಾರು ಕೈಹಿಡಿದು ನಡೆಸುತ್ತಾರೆ? ವರ್ಷಗಟ್ಟಲೆ ಈ ಬೆಳಕು ತಿಂದ ಕಣ್ಣಿಗೆ ಪೊರೆ ಬರುವ ಅಪಾಯವೂ ಹೆಚ್ಚು. ಅದು ಎರಡು ದಿನದ ಕಥೆಯಲ್ಲ.

ಕಪ್ಪಗಿದ್ದರೆ ಸಾಕು ಅಂತ ಯಾವುದೋ ಗ್ಲಾಸ್ ತರಬೇಡಿ. ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಅಗಲವಾಗುತ್ತದೆ, ಯುವಿ ತಡೆ ಇಲ್ಲದಿದ್ದರೆ ಆ ಕಿರಣಗಳು ಇನ್ನೂ ಆರಾಮಾಗಿ ಒಳಗೆ ಹೋಗುತ್ತವೆ. ಯುವಿ 400 ಅಂತ ಬರೆದಿದೆಯಾ ನೋಡಿ. ಪಕ್ಕದಿಂದ, ಕೆಳಗಿನಿಂದ ಬೆಳಕು ನುಸುಳದ ಹಾಗೆ ಮುಖಕ್ಕೆ ಅಂಟಿ ಕೂರಬೇಕು. ಎತ್ತರದ ಹಿಮಕ್ಕೆ ಕೆಟಗರಿ 4 ಅಂತ ಬರುತ್ತದೆ, ತುಂಬಾ ಗಾಢ, ಅದನ್ನು ಹಾಕಿಕೊಂಡು ಗಾಡಿ ಓಡಿಸುವಂತಿಲ್ಲ. ಮಕ್ಕಳಿಗೆ ಅವರ ಅಳತೆಯದ್ದೇ ಬೇಕು.

ಇಷ್ಟಾಗಿಯೂ ಆಗಿಬಿಟ್ಟರೆ ಕಣ್ಣು ಉಜ್ಜಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ, ಕತ್ತಲೆ ಕೋಣೆಯಲ್ಲಿ ಮಲಗಿ, ಮುಚ್ಚಿದ ರೆಪ್ಪೆಯ ಮೇಲೆ ತಣ್ಣನೆ ಒದ್ದೆ ಬಟ್ಟೆ ಇಡಿ. ಕಣ್ಣು ತೇವವಾಗಿಡುವ ಡ್ರಾಪ್ಸ್ ಹಾಕಬಹುದು. ಮರಗಟ್ಟಿಸುವ ಡ್ರಾಪ್ಸ್ ಮಾತ್ರ ಯಾರೋ ಕೊಟ್ಟರು ಅಂತ ಹಾಕಿಕೊಳ್ಳುತ್ತಾ ಕೂರಬೇಡಿ. ನೋವು ಅಡಗುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ನೋವು ಜೋರಾದರೆ, ದೃಷ್ಟಿ ಮಂಜಾಗಿಯೇ ಉಳಿದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನನ್ನ ಕಾಮೆಂಟ್ ಬಾಕ್ಸಿಗೆ ಬಂದು ಮನೆಮದ್ದು ಕೇಳಬೇಡಿ.